ಬಯಲು ಸೀಮೆಯ ಗುರಿ: ತಾಳಿಕೋಟೆಯ ತೋಪಿನಿಂದ ರೈಫಲ್ ದುರ್ಬೀನಿನವರೆಗೆ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ವಿಜಯಪುರ (ಹಿಂದಿನ ಬಿಜಾಪುರ) ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂಬ ನಾಲ್ಕು ಹಳೆಯ ತಾಲೂಕುಗಳು ಈ ನದಿಗಳ ಎರೆಭೂಮಿಯಲ್ಲಿ ಹರಡಿಕೊಂಡಿವೆ. ಇಲ್ಲಿ ಕಾಡಿಲ್ಲ, ಕಣಿವೆಯಿಲ್ಲ. ಜೋಳದ ಬೆಳೆ ಎದ್ದುನಿಂತ ನಾಲ್ಕು ತಿಂಗಳು ಬಿಟ್ಟರೆ ಕಣ್ಣಿಗೆ ಅಡ್ಡ ಬರುವುದು ಊರ ಮುಂದಿನ ಬೇವಿನ ಮರ, ಹೊಲದ ಬದುವಿನ ಜಾಲಿ ಮಾತ್ರ. ಹರದಾರಿ ದೂರದ ಎತ್ತಿನ ಬಂಡಿ ಬರಿಗಣ್ಣಿಗೆ ಕಾಣುತ್ತದೆ. ಕಣ್ಣು ಅಷ್ಟು ದೂರ ಹೋದರೂ ಆಯುಧ ಅಷ್ಟು ದೂರ ಹೋಗುವುದಿಲ್ಲ. ಈ ಸೀಮೆಯಲ್ಲಿ ಬಂದೂಕು ಹಿಡಿದವರಿಗೆಲ್ಲ ಎದುರಾದ ತೊಡಕು ಇದು. ಎಷ್ಟು ದೂರಕ್ಕೆ ಹೊಡೆಯಬೇಕು, ಯಾವುದಕ್ಕೆ ಹೊಡೆಯಬೇಕು, ಅದಕ್ಕೆ ಯಾವ ಬಗೆಯ ಗುರಿಸಾಧನ ಸಾಕು ಎಂಬ ಆಯ್ಕೆಯನ್ನು ನೆಲ ಮೊದಲು ಮಾಡಿತು. ಆಮೇಲೆ ಯುದ್ಧ ಮಾಡಿತು, ಕೊನೆಗೆ ಕಾನೂನು ಮಾಡಿತು. ರೈಫಲ್ ಸ್ಕೋಪು ಈ ಕಥೆಯೊಳಗೆ ಬಹಳ ತಡವಾಗಿ ಬಂದ ವಸ್ತು.

1565ರ ಜನವರಿಯಲ್ಲಿ ನಡೆದ ಕಾಳಗಕ್ಕೆ ಇತಿಹಾಸದ ಪುಸ್ತಕಗಳು ತಾಳಿಕೋಟೆಯ ಹೆಸರು ಕೊಟ್ಟವು. ಅದರ ಇನ್ನೊಂದು ಹೆಸರಾದ ರಕ್ಕಸತಂಗಡಿಯಲ್ಲಿ ಕೃಷ್ಣಾ ತೀರದ ರಕ್ಕಸಗಿ, ತಂಗಡಗಿ ಎಂಬ ಎರಡು ಊರುಗಳು ಸೇರಿಕೊಂಡಿವೆ. ಈ ಮೂರೂ ಮುದ್ದೇಬಿಹಾಳ ಸೀಮೆಯವೇ. ತಾಳಿಕೋಟೆ ಬೇರೆ ತಾಲೂಕಾದದ್ದು ಈಚೆಗೆ. ಬಿಜಾಪುರದ ಆಸ್ಥಾನದಲ್ಲಿದ್ದು, ಕಾಳಗ ಮುಗಿದು ನಾಲ್ಕು ದಶಕಗಳಾದ ಮೇಲೆ ಚರಿತ್ರೆ ಬರೆದ ಫರಿಶ್ತಾ ಈ ಯುದ್ಧದ ತೋಪುಗಳ ಬಗ್ಗೆ ವಿವರವಾಗಿ ಹೇಳುತ್ತಾನೆ. ನಡುವಿನ ಪಡೆಯ ಒಡೆಯ ಅಹಮದನಗರದ ಹುಸೇನ್ ನಿಜಾಮ್ ಶಾಹ. ಅವನ ತೋಪಖಾನೆಯ ಹೊಣೆ ಹೊತ್ತವನು ಚೆಲೇಬಿ ರೂಮಿ ಖಾನ್. ಸಾಲಿಗೆ ಇನ್ನೂರರಂತೆ ಮೂರು ಸಾಲು, ಒಟ್ಟು 600 ತೋಪುಗಳು: ಮುಂದೆ ಭಾರಿ ತೋಪು, ನಡುವೆ ಮಧ್ಯಮ ಗಾತ್ರದವು, ಹಿಂದೆ ಜಂಬೂರಕ ಎಂಬ ಸಣ್ಣ ತೋಪುಗಳು. ಇವೆಲ್ಲವನ್ನೂ ಮರೆಮಾಡಲು ಎದುರಿಗೆ ಎರಡು ಸಾವಿರ ಬಿಲ್ಲುಗಾರರನ್ನು ನಿಲ್ಲಿಸಿದ್ದರು. ವಿಜಯನಗರದ ಪಡೆ ಹತ್ತಿರ ಬರುವವರೆಗೂ ಬಾಣ ಬಿಡುತ್ತಿದ್ದ ಅವರು ಒಮ್ಮೆಗೇ ಹಿಂದೆ ಸರಿದಾಗ ತೋಪುಗಳು ಬಾಯಿ ತೆರೆದವು. ಕಡೆಯ ಹಂತದಲ್ಲಿ ಗುಂಡಿನ ಬದಲು ತಾಮ್ರದ ನಾಣ್ಯದ ಚೀಲಗಳನ್ನು ತುಂಬಿ ಹಾರಿಸಿದರೆಂದೂ ಫರಿಶ್ತಾ ಬರೆಯುತ್ತಾನೆ.

ಅವನು ಕೊಡುವ ಸಂಖ್ಯೆಗಳಲ್ಲಿ ಹೆಚ್ಚುಕಡಿಮೆ ಇರಬಹುದು. ಆದರೆ ಆ ಯುದ್ಧತಂತ್ರದ ತಿರುಳು ಸ್ಪಷ್ಟವಾಗಿದೆ. ಆ ಕಾಲದ ತೋಪಿಗೆ ಒಬ್ಬ ಮನುಷ್ಯನನ್ನಾಗಲಿ ಒಂದು ಆನೆಯನ್ನಾಗಲಿ ಆರಿಸಿ ಹೊಡೆಯುವ ಶಕ್ತಿ ಇರಲಿಲ್ಲ. ರೂಮಿ ಖಾನ್ ಆ ಕೊರತೆಯನ್ನು ಒಪ್ಪಿಕೊಂಡೇ ಯೋಜನೆ ಹಾಕಿದ. ತೋಪಿನ ಗುರಿಯನ್ನು ತಿದ್ದಲಾಗದು ಎಂದಾದರೆ ಶತ್ರುವನ್ನೇ ತಪ್ಪಲಾಗದಷ್ಟು ಹತ್ತಿರ ಬರಮಾಡಿಕೊಳ್ಳಬೇಕು. ದೂರವನ್ನು ಅಳೆದು ಕಾಯುವುದೇ ಅಲ್ಲಿ ಗುರಿ ಹಿಡಿಯುವ ಕೆಲಸವಾಗಿತ್ತು. ನಾಣ್ಯದ ಚೀಲ ಒಡೆದು ಚೆದರುವುದರಿಂದ ಇದ್ದಷ್ಟು ಗುರಿಯೂ ಬೇಕಾಗಲಿಲ್ಲ.

ಗೆದ್ದ ಆದಿಲ್‌ಶಾಹಿ ರಾಜಧಾನಿಯ ಕೋಟೆಯ ಮೇಲೆ ಬೇರೆ ತರ್ಕ ಕೆಲಸ ಮಾಡಿತು. ಅಲ್ಲಿ ಕಾಯುವವನು ಎತ್ತರದಲ್ಲಿರುತ್ತಾನೆ, ಬರುವವನು ಬಯಲಿನಲ್ಲಿ. ಹೈದರ್ ಖಾನ್ 1583ರ ಸುಮಾರಿಗೆ ಕಟ್ಟಿಸಿದ ಉಪ್ಪಲಿ ಬುರುಜು ನೆಲದಿಂದ ಸುಮಾರು 80 ಅಡಿ ಎತ್ತರವಿದೆ. ಸುತ್ತು ಮೆಟ್ಟಿಲು ಹತ್ತಿ ಮೇಲೆ ನಿಂತರೆ ಬಯಲು ನಾಲ್ಕೂ ದಿಕ್ಕಿಗೆ ಬಿಚ್ಚಿಕೊಳ್ಳುತ್ತದೆ. ಅದರ ನೆತ್ತಿಯ ಮೇಲೆ ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆಗಳನ್ನು ತೊಡಿಸಿ ಬೆಸೆದ ಎರಡು ತೋಪುಗಳಿವೆ. ದೊಡ್ಡದರ ಉದ್ದ 30 ಅಡಿಗೂ ಮಿಗಿಲು. ಆದರೆ ಬಾಯಿಯ ಅಗಲ ಒಂದು ಅಡಿಯಷ್ಟೇ. ಉದ್ದ ನಳಿಗೆ, ಕಿರಿದು ಬಾಯಿ ಎಂದರೆ ದೂರಕ್ಕೆ ಹೊಡೆಯುವ ಆಸೆ. ಪಶ್ಚಿಮದ ಗೋಡೆಯ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಇದಕ್ಕೆ ವಿರುದ್ಧ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಕಂಚಿನಲ್ಲಿ ಎರಕ ಹೊಯ್ದ ಈ ತೋಪಿನ ಉದ್ದ ಹದಿನಾಲ್ಕು ಅಡಿಗೆ ತುಸು ಹೆಚ್ಚು, ಬಾಯಿಯ ಅಗಲ ಎರಡು ಅಡಿಗೂ ಜಾಸ್ತಿ, ತೂಕ ಸುಮಾರು 55 ಟನ್. ಅದು ಪರಾಂಡದಿಂದ ಇಲ್ಲಿಗೆ ಬಂದದ್ದು 1632ರಲ್ಲಿ. ಒಂದು ದೂರಕ್ಕೆ, ಇನ್ನೊಂದು ಹೊಡೆತದ ಭಾರಕ್ಕೆ. ಕೆಲಸಕ್ಕೆ ತಕ್ಕ ಆಯುಧ ಎಂಬ ವಿಚಾರ ಈ ಎರಡು ಬುರುಜುಗಳಷ್ಟು ಕಣ್ಣಿಗೆ ಕಟ್ಟುವಂತೆ ಕರ್ನಾಟಕದಲ್ಲಿ ಬೇರೆಲ್ಲೂ ಕಾಣಸಿಗುವುದಿಲ್ಲ. ಪ್ರವಾಸಿಗರು ಮಲಿಕ್-ಎ-ಮೈದಾನಿನ ಸಿಂಹದ ಬಾಯಿ ನೋಡಿ ಹೊರಟುಬಿಡುತ್ತಾರೆ. ಉಪ್ಪಲಿ ಬುರುಜನ್ನು ಹತ್ತದೆ ಹೋದರೆ ಅರ್ಧ ಪಾಠ ಉಳಿದಂತೆಯೇ.

ತೋಪು ಅರಸರದ್ದಾದರೆ ಬತ್ತಿ ಬಂದೂಕು ಬೇಡರದ್ದಾಯಿತು. ಮುದ್ದೇಬಿಹಾಳದ ಪೂರ್ವಕ್ಕೆ ಹಬ್ಬಿದ್ದ ಸುರಪುರದ ನಾಯಕರ ಸೀಮೆಯಲ್ಲಿ ಬಂದೂಕು ಹಿಡಿದ ಕಾಲಾಳುಗಳೇ ರಾಜ್ಯದ ಬಲ. ದಖ್ಖನಿನ ಅರಸರೆಲ್ಲ ಅವರನ್ನು ಕೂಲಿಗೆ ಕರೆದರು, ಮೊಗಲರು ಅವರಿಗೆ ಅಂಜಿದರು. ಪಿಡ್ಡನಾಯಕನ ವಾಗಣಗೇರಿ ಕೋಟೆಗೆ 1705ರಲ್ಲಿ ಔರಂಗಜೇಬ ಮುಪ್ಪಿನಲ್ಲಿ ತಾನೇ ಬಂದು ಮುತ್ತಿಗೆ ಹಾಕಬೇಕಾಯಿತು. ಅದು ಅವನ ಕೊನೆಯ ಮುತ್ತಿಗೆ. ಮರಾಠರು ನೆರವಿಗೆ ಬಂದರೂ ಕೋಟೆ ಉಳಿಯಲಿಲ್ಲ. ಆದರೆ ನಾಯಕ ಕೈಗೆ ಸಿಗದೆ ರಾತ್ರಿ ಜಾರಿಹೋದ.

ಆ ಕಾಲದ ಭಾರತೀಯ ಬತ್ತಿ ಬಂದೂಕಿನ ಗುರಿಸಾಧನ ಬಲು ಸರಳ. ನಳಿಗೆಯ ತುದಿಗೆ ಒಂದು ಮಣಿ, ಬುಡದಲ್ಲಿ ಸೀಳಿದ ಕಚ್ಚು. ಕೆಲವದರಲ್ಲಿ ಕಚ್ಚಿನ ಬದಲು ಸಣ್ಣ ತೂತು. ಕಚ್ಚಿನಲ್ಲಿ ಮಣಿಯನ್ನು ಕೂರಿಸಿ, ಮಣಿಯ ಮೇಲೆ ಗುರಿಯನ್ನು ಕೂರಿಸಿ, ಬತ್ತಿಯ ಕಿಡಿ ಕಿವಿಯ ಮದ್ದಿಗೆ ತಾಗಿ ಗುಂಡು ಹೊರಡುವವರೆಗೂ ಅಲುಗದೆ ಹಿಡಿಯಬೇಕು. ಒಳಗೆ ನುಣುಪಾದ ಆ ನಳಿಗೆಯಿಂದ ಹೊರಟ ಉರುಟು ಗುಂಡು ನೂರು ಗಜ ದಾಟಿದ ಮೇಲೆ ಎತ್ತ ಹೋಗುತ್ತದೆಂದು ಹೇಳಲಾಗದು. ಆದ್ದರಿಂದ ಮಣಿ-ಕಚ್ಚಿಗಿಂತ ನಿಖರವಾದ ಸಾಧನ ಅದಕ್ಕೆ ಬೇಕಿರಲೂ ಇಲ್ಲ. ಬೇಡರ ಹೆಸರು ಉಳಿದದ್ದು ಕೈಯ ಸ್ಥಿರತೆಯಿಂದ, ಬಂಡೆಗಳ ಮರೆಯಿಂದ, ಹತ್ತಿರ ಬಂದಾಗಲೇ ಹೊಡೆಯುವ ತಾಳ್ಮೆಯಿಂದ.

ಬಿಜಾಪುರ ಸಾತಾರಾ ಸಂಸ್ಥಾನದ ಜೊತೆ 1848ರಲ್ಲಿ ಬ್ರಿಟಿಷರ ಕೈಸೇರಿತು. 1864ರಲ್ಲಿ ಕಲಾದಗಿ ಜಿಲ್ಲೆಯಾಯಿತು, 1885ರಲ್ಲಿ ಜಿಲ್ಲೆಯ ಕೇಂದ್ರ ಬಿಜಾಪುರಕ್ಕೆ ಬಂತು. ಈ ನಡುವೆ ಬಂದದ್ದು 1857ರ ನಿಶ್ಶಸ್ತ್ರೀಕರಣ ಕಾಯ್ದೆ. ಆಯುಧ ಇಟ್ಟುಕೊಳ್ಳಲು ಸರಕಾರದ ಪರವಾನಗಿ ಬೇಕು ಎಂಬ ಮಾತು ಮನೆಗೊಂದು ಬಂದೂಕಿದ್ದ ಬೇಡರಿಗೆ ಬದುಕನ್ನೇ ಕಿತ್ತುಕೊಂಡಂತಾಯಿತು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಅವರು ಆಯುಧ ಕೊಡಲೊಪ್ಪದೆ ನಿಂತರು. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಹಲಗಲಿಯ ಬೇಡರ ಲಾವಣಿ ಇಂದಿಗೂ ಉತ್ತರ ಕರ್ನಾಟಕದ ಬಾಯಲ್ಲಿದೆ. ಮರುವರ್ಷ ಸುರಪುರದ ವೆಂಕಟಪ್ಪ ನಾಯಕನ ಬಂಡಾಯವೂ ಅಡಗಿತು.

ಅದೇ ಹೊತ್ತಿಗೆ ಬಂದೂಕಿನೊಳಗೂ ಒಂದು ದೊಡ್ಡ ಬದಲಾವಣೆ ನಡೆದಿತ್ತು. ನಳಿಗೆಯ ಒಳಮೈಗೆ ಸುರುಳಿಯಾಕಾರದ ಗೆರೆ ಕೊರೆದರೆ ಗುಂಡು ತಿರುಗುತ್ತ ಹೊರಟು ನೇರ ಸಾಗುತ್ತದೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಹೀಗೆ ಮಾಡಿದ್ದು. ದೂರ ಹೆಚ್ಚಿದಂತೆ ಗುಂಡು ಕೆಳಗಿಳಿಯುವುದರಿಂದ ಅದರ ಹಿಂಬದಿಯ ಗುರಿಗೆ ನಿಚ್ಚಣಿಕೆಯಂತೆ ಮೇಲೇಳುವ ಪಟ್ಟಿ ಇತ್ತು, ಅದರ ಮೇಲೆ ನೂರು ನೂರು ಗಜದ ಗುರುತು. ದೂರವನ್ನು ಅಳೆದು ಗುರಿಯನ್ನು ತಿದ್ದುವ ಪದ್ಧತಿ ಸಾಮಾನ್ಯ ಸಿಪಾಯಿಯ ಕೈಗೆ ಬಂದದ್ದು ಇಲ್ಲಿಂದ. ಆದರೆ 1857ರ ಸಿಪಾಯಿ ದಂಗೆಯ ಬಳಿಕ ಬ್ರಿಟಿಷರು ದೇಶೀ ಪಡೆಗಳಿಗೆಂದೇ ಹೊರಗೆ ಎನ್‌ಫೀಲ್ಡಿನಂತೆಯೇ ಕಾಣುವ, ಒಳಗೆ ಸುರುಳಿಗೆರೆ ಇಲ್ಲದ ಬಂದೂಕು ಮಾಡಿಸಿದರು. ಅದರ ಮೇಲಿದ್ದದ್ದು ತಿದ್ದಲಾಗದ ಒಂದು ಕಚ್ಚು ಮಾತ್ರ. ಆಳುವವನಿಗೆ ದೂರದ ಗುರಿ, ಆಳಿಸಿಕೊಳ್ಳುವವನಿಗೆ ಹತ್ತಿರದ ಗುರಿ: ಈ ಭೇದವನ್ನು ಲೋಹದಲ್ಲೇ ಕೊರೆದಿಟ್ಟರು. 1878ರ ಶಸ್ತ್ರ ಕಾಯ್ದೆ ಇದನ್ನು ನಾಗರಿಕರಿಗೂ ವಿಸ್ತರಿಸಿತು. ಭಾರತೀಯನಿಗೆ ಪರವಾನಗಿ, ಯುರೋಪಿಯನ್ನನಿಗೆ ವಿನಾಯಿತಿ. ಕೊಡವರಿಗೆ 1861ರಿಂದ ಸಿಕ್ಕ ವಿನಾಯಿತಿ ಈಗಲೂ ನಡೆದುಬಂದಿದೆ. ಬಯಲು ಸೀಮೆಯ ಬೇಡರಿಗೆ ಅಂಥ ಭಾಗ್ಯ ಸಿಗಲಿಲ್ಲ. ಇಲ್ಲಿ ಬಂದೂಕಿನ ಪರಂಪರೆ ತುಂಡಾದದ್ದು, ಕೊಡಗಿನಲ್ಲಿ ಅದು ಹಬ್ಬದ ಭಾಗವಾಗಿ ಉಳಿದದ್ದು ಈ ಒಂದು ತೀರ್ಮಾನದ ಫಲ.

ಬಂದೂಕಿಗೆ ದುರ್ಬೀನು ಕೂಡಿಸುವ ಯತ್ನಗಳು ಫಲ ಕೊಟ್ಟದ್ದೂ ಇದೇ ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕದಲ್ಲಿ 1840ರ ದಶಕದಲ್ಲಿ ಮಾರ್ಗನ್ ಜೇಮ್ಸ್ ನಳಿಗೆಯಷ್ಟೇ ಉದ್ದದ ದುರ್ಬೀನುಗಳನ್ನು ಮಾಡಿದ. ಈ ತಾಲೂಕುಗಳು ಸೇರಿದ್ದ ಬಾಂಬೆ ಪ್ರಾಂತದ ಸೇನೆಯಲ್ಲಿ ಅಧಿಕಾರಿಯಾಗಿದ್ದ ಡೇವಿಡ್ ಡೇವಿಡ್ಸನ್ ಎಂಬ ಸ್ಕಾಟ್ಲೆಂಡಿನವನೂ ಈ ವಿಷಯದ ಬೆನ್ನುಹತ್ತಿದ. 1860ರ ದಶಕದ ಆರಂಭದಲ್ಲಿ ಅವನ ದುರ್ಬೀನು ವಿಟ್‌ವರ್ತ್ ರೈಫಲಿನ ಎಡಮಗ್ಗುಲಿಗೆ ಕೂತು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುರಿಕಾರರ ಕೈಸೇರಿತು. ಸ್ಕೋಪಿನ ಇತಿಹಾಸದ ಪುಸ್ತಕಗಳು ಅವನನ್ನು ವಿಟ್‌ವರ್ತಿನ ನೆಪದಲ್ಲಿ ನೆನೆಯುತ್ತವೆ. ಬಾಂಬೆ ಸೇನೆಯ ಮಾತನ್ನು ಎತ್ತುವುದು ಅಪರೂಪ.

ಎರೆಬಯಲಿನ ಬೇಟೆಯೆಂದರೆ ಚಿಗರಿ. ಗಿಡಮರದ ಮರೆಯಿಲ್ಲದ ಕಡೆ ಹಿಂಡಾಗಿ ಮೇಯುವ, ಮನುಷ್ಯನ ಸುಳಿವು ಸಿಕ್ಕೊಡನೆ ನೆಗೆದೋಡುವ ಈ ಪ್ರಾಣಿಯನ್ನು ಹೊಡೆಯಲು ಬ್ರಿಟಿಷ್ ಅಧಿಕಾರಿಗಳು ನೂರಿನ್ನೂರು ಗಜದಿಂದ ರೈಫಲ್ ಬಳಸಿದರು. ಇದೇ ಪ್ರಾಣಿಯನ್ನು ಹರಣಶಿಕಾರಿಗಳು ಬಂದೂಕಿಲ್ಲದೆ ಹಿಡಿಯುತ್ತಿದ್ದರು. ಪಳಗಿಸಿದ ಎತ್ತಿನ ಮರೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಹಿಂಡಿನ ಹತ್ತಿರ ಸರಿಯುವುದು, ಹಾದಿಯಲ್ಲಿ ಉರುಲು ಹೂಡುವುದು, ಉರುಲಿನ ಕಡೆಗೆ ಮೆಲ್ಲಗೆ ಅಟ್ಟುವುದು ಅವರ ವಿದ್ಯೆ. ದೂರವನ್ನು ಗಾಜಿನಿಂದ ಕಿರಿದು ಮಾಡುವ ಬದಲು ಕಾಲಿನಿಂದಲೇ ಕಿರಿದು ಮಾಡುತ್ತಿದ್ದರು. ಪ್ರಾಣಿಯ ನಡೆಯನ್ನು ಅಷ್ಟು ಬಲ್ಲವರನ್ನು ಸರಕಾರ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿತು. ಬಿಜಾಪುರ, ಹುಬ್ಬಳ್ಳಿಗಳಲ್ಲಿ ಮುಳ್ಳುತಂತಿಯ ಸೆಟ್ಲ್‌ಮೆಂಟುಗಳು ಎದ್ದವು. ಆ ಹಣೆಪಟ್ಟಿ ಕಳಚಿದ್ದು 1952ರಲ್ಲಿ.

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸ್ಕೋಪು ಸೈನ್ಯದ ಸಾಧನವಾಯಿತು. ಒಳ್ಳೆಯ ಗಾಜಿನ ವಿದ್ಯೆ ಜರ್ಮನರ ಕೈಯಲ್ಲಿದ್ದುದರಿಂದ ಮೊದಮೊದಲು ಮೇಲುಗೈ ಅವರದೇ. ಎರಡನೆಯ ಮಹಾಯುದ್ಧದ ಹೊತ್ತಿಗೆ .303 ಲೀ-ಎನ್‌ಫೀಲ್ಡಿನ ಸ್ನೈಪರ್ ಮಾದರಿಯ ಮೇಲೆ ಮೂರು ಪಟ್ಟು ಹಿಗ್ಗಿಸುವ ಸ್ಕೋಪು ಕೂತಿತ್ತು. ಭಾರತೀಯ ಸೇನೆ ಬಹುಕಾಲ ಬಳಸಿದ ಡ್ರಗುನೋವ್ ರೈಫಲಿನ ಪಿಎಸ್‌ಒ-1 ಸ್ಕೋಪಿನದು ನಾಲ್ಕು ಪಟ್ಟು. ಅದರ ಗಾಜಿನ ಒಂದು ಮೂಲೆಯಲ್ಲಿ ಕೊರೆದ ಬಾಗುಗೆರೆಗೆ 1.7 ಮೀಟರ್ ಎತ್ತರದ ಆಳನ್ನು ಹೊಂದಿಸಿದರೆ ಅವನೆಷ್ಟು ದೂರದಲ್ಲಿದ್ದಾನೆಂದು ತಿಳಿಯುತ್ತದೆ. ಯುದ್ಧಭೂಮಿಯ ಈ ಎರಡೂ ಸ್ಕೋಪುಗಳ ವರ್ಧನೆ ಕಡಿಮೆಯೇ ಎಂಬುದನ್ನು ಇಂದು ಅಂಗಡಿಯಲ್ಲಿ ದೊಡ್ಡ ಅಂಕಿ ನೋಡಿ ಮರುಳಾಗುವವರು ಗಮನಿಸಬೇಕು.

ಸ್ವಾತಂತ್ರ್ಯದ ನಂತರ ಬಂದ 1959ರ ಶಸ್ತ್ರ ಕಾಯ್ದೆ ಬಂದೂಕುಗಳನ್ನು ಅವುಗಳ ಕೆಲಸದ ಪ್ರಕಾರವೇ ವಿಂಗಡಿಸಿತು. ಬೆಳೆ ಕಾಯುವವನಿಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು, ಅದು ಸಾಲದೆಂದು ಮನವರಿಕೆಯಾದರೆ ಬೇರೊಂದು ನುಣುಪು ನಳಿಗೆಯದು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಗುರಿ ಅಭ್ಯಾಸಕ್ಕೆ .22 ರೈಫಲ್ ಅಥವಾ ಏರ್ ರೈಫಲ್. 1972ರ ವನ್ಯಜೀವಿ ಕಾಯ್ದೆ ಬೇಟೆಯ ಹವ್ಯಾಸಕ್ಕೆ ಕಡಿವಾಣ ಹಾಕಿತು. ಚಿಗರಿಗೆ ಅತಿ ಹೆಚ್ಚಿನ ರಕ್ಷಣೆ ಸಿಕ್ಕಿತು. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲೂ ಅಧಿಕಾರ ಪಡೆದ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕಾಯಿತು.

ಹೊಲವೂ ಆಮೇಲೆ ಬದಲಾಯಿತು. ಜೋಳದ ಹೊಲದಲ್ಲಿ ಮಂಚಿಗೆ ಕಟ್ಟಿ, ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದು ಹಿಂದಿನ ಕಾವಲು. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಮುಂದಿನ ದಶಕಗಳಲ್ಲಿ ಕಾಲುವೆಗಳು ಬಂದವು, ಭೀಮೆ-ಕೃಷ್ಣೆಯರ ದಂಡೆಯಲ್ಲಿ ಕಬ್ಬು ಎದ್ದಿತು. ಬೋಳು ಬಯಲಿನಲ್ಲಿ ನಿಲ್ಲದ ಕಾಡುಹಂದಿಗೆ ಕಬ್ಬಿನ ಪಡ ಹಗಲಿನ ಮನೆ, ರಾತ್ರಿಯ ಊಟ. ಹರದಾರಿ ದೂರ ಕಾಣುತ್ತಿದ್ದ ನಾಡಿನಲ್ಲಿ ಹತ್ತು ಮಾರಿನಾಚೆ ಕಾಣದ ಹೊಲಗಳು ಹುಟ್ಟಿದವು. ಕಾವಲಿನ ಬಂದೂಕಿಗೆ ಸ್ಕೋಪು ಕೂರಿಸಿದರೂ ಪ್ರಯೋಜನವಿಲ್ಲ. ನುಣುಪು ನಳಿಗೆಯಿಂದ ಚರೆ ಹರಡಿಕೊಂಡು ಹೊರಡುತ್ತದೆ, ದೂರವೂ ನಲವತ್ತು ಗಜದೊಳಗಿನದು. ಅಲ್ಲಿ ಮಣಿಯೇ ಸಾಕು.

ಹಾಗಾದರೆ ಸ್ಕೋಪು ಯಾರಿಗೆ? ಉತ್ತರ ಹೊಡೆಯುವ ಬಗೆಯಲ್ಲಿದೆ. ಒಲಿಂಪಿಕ್ ಮಾದರಿಯ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಹಿಗ್ಗಿಸುವ ಸ್ಕೋಪಿಗೆ ಅವಕಾಶವೇ ಇಲ್ಲ. ಹಿಂದೆ ಕಿರುತೂತು, ಮುಂದೆ ಬಳೆ. ಬಳೆಯ ನಡುವೆ ಕರಿ ವೃತ್ತವನ್ನು ಕೂರಿಸುವುದೇ ವಿದ್ಯೆ. 10 ಮೀಟರಿನ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರಿನದು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸಾಧನದಿಂದಲೇ. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಆರಂಭವಾಯಿತು. ಅಂಥ ಶಾಲೆಗಳ, ಎನ್‌ಸಿಸಿ ಶಿಬಿರಗಳ ಮಕ್ಕಳು .22 ರೈಫಲಿನಲ್ಲಿ ಕಲಿಯುವ ಮೊದಲ ಪಾಠವೂ ಸ್ಕೋಪಿಲ್ಲದ ಗುರಿಯೇ. ಆ ಕ್ರಮವೇ ಸರಿ. ಉಸಿರು, ಭುಜ, ಬೆರಳು ಹದಕ್ಕೆ ಬರುವ ಮುನ್ನ ಸ್ಕೋಪು ಕೊಟ್ಟರೆ ಕೈಯ ನಡುಕ ದೊಡ್ಡದಾಗಿ ಕಾಣುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಕ್ಲಬ್ಬಿನಲ್ಲಿ 50 ಮೀಟರಿನವರೆಗೆ .22 ಹೊಡೆಯುವ ಹವ್ಯಾಸಿಗೆ ನಾಲ್ಕು ಪಟ್ಟಿನ ಸ್ಥಿರ ಸ್ಕೋಪು, ಇಲ್ಲವೇ ಮೂರರಿಂದ ಒಂಬತ್ತು ಪಟ್ಟಿಗೆ ಬದಲಿಸಬಹುದಾದದ್ದು ಸಾಕು. ಅವನು ಅಂಕಿಗಿಂತ ಮೊದಲು ನೋಡಬೇಕಾದದ್ದು ಸ್ಕೋಪು ಯಾವ ದೂರಕ್ಕೆ ಹೊಂದಿಸಿದ್ದು ಎಂಬುದನ್ನು. ದೊಡ್ಡ ರೈಫಲಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅದನ್ನೇ ಹತ್ತಿರದ ಗುರಿಗೆ ಬಳಸಿದರೆ ಕಣ್ಣು ತುಸು ಸರಿದರೂ ಗಾಜಿನೊಳಗಿನ ಗೆರೆ ಗುರಿಯ ಮೇಲಿಂದ ಜಾರಿದಂತೆ ಕಾಣುತ್ತದೆ. .22ಕ್ಕೆ 50 ಗಜದ್ದು ಬೇಕು, ಏರ್ ರೈಫಲಿಗೆ ಹತ್ತು ಮೀಟರಿನಷ್ಟು ಹತ್ತಿರಕ್ಕೂ ಹೊಂದಿಸಬಲ್ಲದ್ದು ಬೇಕು. ಸ್ಪ್ರಿಂಗಿನ ಏರ್ ರೈಫಲಿಗೆ ಇನ್ನೊಂದು ಎಚ್ಚರ: ಅದರ ಒದೆತ ಹಿಂದಕ್ಕೂ ಮುಂದಕ್ಕೂ ಆಗುವುದರಿಂದ ದೊಡ್ಡ ರೈಫಲಿನ ಬೆಲೆಬಾಳುವ ಸ್ಕೋಪೂ ಅದರ ಮೇಲೆ ಕೆಡಬಹುದು. ಅದಕ್ಕೆಂದೇ ಮಾಡಿದ್ದನ್ನೇ ಕೊಳ್ಳಬೇಕು.

ಬೆಳಕಿನ ಲೆಕ್ಕವೂ ಸುಲಭ. ಮುಂದಿನ ಗಾಜಿನ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 32 ಮಿಲಿಮೀಟರಿನ ಗಾಜು ನಾಲ್ಕು ಪಟ್ಟಿನಲ್ಲಿ 8 ಮಿ.ಮೀ. ಕೊಡುತ್ತದೆ. 40ರ ಗಾಜು ಒಂಬತ್ತು ಪಟ್ಟಿನಲ್ಲಿ 4.4 ಮಾತ್ರ. ಹಗಲಿನಲ್ಲಿ ಎರಡು-ಮೂರು ಮಿಲಿಮೀಟರಿಗೆ ಕುಗ್ಗುವ ಕಣ್ಣಪಾಪೆಗೆ ಎರಡೂ ಸಾಕು. ಮುಸ್ಸಂಜೆಯಲ್ಲಿ ಮೊದಲನೆಯದೇ ಮೇಲು. ಸ್ಕೋಪಿನ ಹಿಂಗಾಜು ಕಣ್ಣಿನಿಂದ ಮೂರು-ನಾಲ್ಕು ಅಂಗುಲ ದೂರ ಇರಬೇಕು. ಇಲ್ಲವಾದರೆ ಒದೆತಕ್ಕೆ ಹುಬ್ಬು ಸೀಳುತ್ತದೆ.

ಮುನ್ನೂರು ಮೀಟರಿನಾಚೆಯ ಗುರಿಗೆ ವರ್ಧನೆಗಿಂತ ಸ್ಕೋಪಿನ ಗುರಿ ತಿದ್ದುವ ಗುಬ್ಬಿಗಳ ವಿಶ್ವಾಸಾರ್ಹತೆ ಮುಖ್ಯ. ಮೀಟರ್ ಅಳತೆಯಲ್ಲಿ ಯೋಚಿಸುವವರಿಗೆ ಮಿಲಿರೇಡಿಯನ್ ಅನುಕೂಲ. ಗುಬ್ಬಿಯ ಒಂದು ಕ್ಲಿಕ್ ಮಿಲಿರೇಡಿಯನ್ನಿನ ಹತ್ತನೆಯ ಒಂದು ಭಾಗವಾದರೆ 100 ಮೀಟರಿನಲ್ಲಿ ಗುಂಡು ಒಂದು ಸೆಂಟಿಮೀಟರ್ ಸರಿಯುತ್ತದೆ, 300 ಮೀಟರಿನಲ್ಲಿ ಮೂರು. ಗಾಜಿನೊಳಗಿನ ಗೆರೆಯ ಗುರುತುಗಳೂ ಅದೇ ಅಳತೆಯಲ್ಲಿರಬೇಕು. ಗುಬ್ಬಿಯದು ಒಂದು ಅಳತೆ, ಗೆರೆಯದು ಇನ್ನೊಂದಾದರೆ ಹೊಡೆಯುವವನು ಲೆಕ್ಕದಲ್ಲೇ ಮುಳುಗುತ್ತಾನೆ. ವರ್ಧನೆಯ ಜೊತೆ ಗೆರೆಯೂ ಹಿಗ್ಗುವ ಸ್ಕೋಪಿನಲ್ಲಿ ಆ ಗುರುತುಗಳು ಎಲ್ಲ ಹಂತದಲ್ಲೂ ನಿಜ. ಗೆರೆ ಹಿಗ್ಗದ ಬಗೆಯಲ್ಲಿ ಒಂದು ನಿಗದಿತ ವರ್ಧನೆಯಲ್ಲಿ ಮಾತ್ರ ನಿಜ.

ಎರೆಬಯಲಿನ ಬಿಸಿಲು ಈ ಎಲ್ಲ ಲೆಕ್ಕಕ್ಕೂ ಮಿತಿ ಹಾಕುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಗಾಳಿಯ ಬಿಸಿ 40 ಡಿಗ್ರಿ ಮುಟ್ಟಿದಾಗ ಕರಿನೆಲ ಅದಕ್ಕಿಂತ ಹೆಚ್ಚು ಕಾಯುತ್ತದೆ. ನೆಲದಿಂದೇಳುವ ಬಿಸಿಗಾಳಿ ಬೆಳಕನ್ನು ಬಾಗಿಸುವುದರಿಂದ ದೂರದ ವಸ್ತು ನೀರಿನಲ್ಲಿ ಕದಡಿದಂತೆ ಕುಣಿಯುತ್ತದೆ. ಸ್ಕೋಪು ಗುರಿಯನ್ನು ಹಿಗ್ಗಿಸುವಾಗ ಈ ಕುಣಿತವನ್ನೂ ಅಷ್ಟೇ ಹಿಗ್ಗಿಸುತ್ತದೆ. ನಡುಹಗಲಿನಲ್ಲಿ ಇಪ್ಪತ್ತು ಪಟ್ಟಿನ ಸ್ಕೋಪಿಗಿಂತ ಹತ್ತಕ್ಕೆ ಇಳಿಸಿದ್ದರಲ್ಲಿ ಗುರಿ ಚೆನ್ನಾಗಿ ನಿಲ್ಲುತ್ತದೆ. ಆದ್ದರಿಂದ ಈ ಸೀಮೆಗೆ ವರ್ಧನೆ ಇಳಿಸಲು ಬರುವ, ಧೂಳು ಒಳಹೋಗದಂತೆ ಬಿಗಿಯಾಗಿ ಮುಚ್ಚಿದ ಸ್ಕೋಪೇ ತಕ್ಕದ್ದು. ಗುರಿ ಹೊಂದಿಸುವ ಕೆಲಸವನ್ನು ನೆಲ ಕಾಯುವ ಮುನ್ನ, ಬೆಳಗಿನ ಹೊತ್ತಿನಲ್ಲಿ ಮುಗಿಸಬೇಕು. ನೂರು ಮೀಟರಿನಲ್ಲಿ ಮೂರು ಗುಂಡು ಹೊಡೆದು, ಅವುಗಳ ನಡುಬಿಂದುವನ್ನು ಅಳೆದು, ಅಷ್ಟು ಕ್ಲಿಕ್ ತಿದ್ದಿ, ಮತ್ತೆ ಮೂರು ಹೊಡೆದು ನೋಡುವುದು ರೂಢಿಯ ಕ್ರಮ. ಗುಂಡಿನ ತಯಾರಕ ಬದಲಾದರೆ, ಸ್ಕೋಪನ್ನು ಒಮ್ಮೆ ಕಳಚಿ ಕೂರಿಸಿದರೆ, ಈ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.